ಫ್ರಿಜ್ಜಿನೊಳಗಿನ ಮಡಿ

ಗೆಳೆಯರೇ, ಮಗುವಾಗಲೆಂದು ಡಾಕ್ಟರು ಬರೆದುಕೊಟ್ಟ ಹಾರ್ಮೋನ್ ಇಂಜೆಕ್ಷನ್ ಡಬ್ಬವನ್ನು ಇಂದು ಬೆಳಿಗ್ಗೆ ಫ್ರಿಜ್ಜಿನ ಮೇಲಿನ ಶೆಲ್ಫಿನಲ್ಲಿಟ್ಟೆ. ನಮ್ಮ ಬಸವನಗುಡಿ ಮನೆಯಲ್ಲಿ ಅದು ನೈವೇದ್ಯದ ಹಾಲಿನ ಜಾಗ.

ಅತ್ತೆ ಸಿಡುಕಿದರು. "ಅಲ್ಲಿಂದ ತೆಗಿಯಮ್ಮ, ಮೈಲಿಗೆ! ಕೆಳಗೆ ತರಕಾರಿ ಹತ್ರ ಇಡು. ನಾವೆಲ್ಲ ಇಂಜೆಕ್ಷನ್ ಇಲ್ದೇನೇ ಹೆತ್ವಿ."

ನಾನು ಕೆಳಗಿಟ್ಟೆ. ಪೇಪರ್ ಓದುತ್ತಿದ್ದ ನಮ್ಮವರು ತಲೆಯೆತ್ತದೆ ಹೇಳಿದರು, "ಅಮ್ಮಾ, ಅದು ಅವಳಿಗಲ್ಲ, ನನಗೆ. ತೊಂದ್ರೆ ಇರೋದು ನನ್ನಲ್ಲೇ."

"ಗಂಡಸ್ರಿಗೂ ಕೊಡ್ತಾರೇನೋ?" ಎನ್ನುತ್ತಾ ಅತ್ತೆ ಒಲೆಯ ಕಡೆ ತಿರುಗಿದರು.

ಸಂಜೆ ಆಫೀಸಿನಿಂದ ಬಂದು ಫ್ರಿಜ್ ತೆಗೆದರೆ, ಡಬ್ಬ ಮೇಲಿನ ಶೆಲ್ಫಿನಲ್ಲಿ, ಹಾಲಿನ ಪಕ್ಕದಲ್ಲೇ ಕೂತಿದೆ!

"ಕೆಳಗೆ ತಂಪು ಸಾಲಲ್ಲ ಕಣಮ್ಮ," ಎಂದರು ಅತ್ತೆ.

ಇಂಜೆಕ್ಷನ್ ಅದೇ, ಹಾಲಿನ ಪಾತ್ರೆಯೂ ಅದೇ. ಮೈಲಿಗೆ ಮಾತ್ರ ಎಲ್ಲಿಗೆ ಹೋಯಿತೋ ಕಾಣೆ.