ಅಕ್ಕ ಕಲಿಸಿದ ಇಂಗ್ಲಿಷ್

ಕಳೆದ ಶನಿವಾರ ಸಿಂಗಾಪುರದ ಕ್ಲೆಮೆಂಟಿಯ ಸೂಪರ್‌ಮಾರ್ಕೆಟ್ ಒಂದರಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಆರಿಸುತ್ತಾ ನಿಂತಿದ್ದೆ. ನಿಂಬೆಯ ವಾಸನೆಯದೇ ಬೇಕೆಂದು ಮನೆಯಿಂದ ಆಜ್ಞೆಯಾಗಿತ್ತು. ಅಂಗಡಿಯಲ್ಲಿ ನಿಂಬೆಯೇ ಮೂರು ಬಗೆಯದಿತ್ತು. ಈ ಧರ್ಮಸಂಕಟದ ನಡುವೆ ತಲೆಯ ಮೇಲಿನ ಸ್ಪೀಕರಿನಿಂದ ಒಬ್ಬ ಹೆಂಗಸು ಎದೆ ಬಿರಿಯುವಂತೆ ಹಾಡತೊಡಗಿದಳು, ಬಿಟ್ಟುಹೋದ ಗಂಡಸೊಬ್ಬನ ಬಗ್ಗೆ. ಯಾರೂ ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದ ಚೀನೀ ಅಜ್ಜಿ ಟಿಶ್ಯೂ ಕಟ್ಟುಗಳನ್ನು ಒಂದೊಂದಾಗಿ ಒತ್ತಿ ನೋಡುವುದನ್ನು ಮುಂದುವರಿಸಿದರು. ನನ್ನ ಹತ್ತು ವರ್ಷದ ಮಗಳು ಮಾತ್ರ, "ಅಪ್ಪಾ, ಇದು ಆ ಶಾಂಪೂ ಸಾಂಗ್ ಲಾ" ಎಂದಳು.

ನನಗೆ ಸಿಟ್ಟು ಬಂತು. ಮಗಳ ಮೇಲಲ್ಲ, ಅವಳು ಕಂಡದ್ದನ್ನು ಹೇಳಿದ್ದಳು. ಅದೇ ದನಿ ಶಾಂಪೂ ಮಾರಿದೆ, ಕಾರು ಮಾರಿದೆ, ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಜಿಮ್ಮಿನಲ್ಲಿ ಬೊಜ್ಜು ಕರಗಿಸಲು ದುಡಿದಿದೆ.

ಹಾಡುಗಾರ್ತಿಯ ಹೆಸರು ನಾನು ಹೇಳುವುದಿಲ್ಲ, ಯಾಕೆಂದರೆ ಅದನ್ನು ಬಾಯಿಬಿಟ್ಟು ಹೇಳದ ಮನೆಯಲ್ಲಿ ನಾನು ಮೂರು ವರ್ಷ ಇದ್ದೆ. ಅಲ್ಲಿ ಆಕೆ ಬರೀ 'ಅಕ್ಕ'. ಅಮೆರಿಕದ ಕಪ್ಪು ಜನರ ಚರ್ಚಿನಲ್ಲಿ ಹಾಡಿ ಬೆಳೆದು, ಆಮೇಲೆ ಅದೇ ದೇವರಿಗೆ ಕೂಗುವ ದನಿಯಲ್ಲಿ ಕೈಕೊಟ್ಟ ಗಂಡಸರನ್ನು ವಿಚಾರಿಸಿಕೊಂಡವಳು. ಅದನ್ನು ಸೋಲ್ ಸಂಗೀತ ಅನ್ನುತ್ತಾರೆ. ನಾನು ಕೇಳಿಲ್ಲವಪ್ಪ ಎಂದು ನೀವು ಅಂದುಕೊಳ್ಳುತ್ತಿದ್ದರೆ, ಕೇಳಿದ್ದೀರಿ. ಟೀವಿಯ ಸ್ಪರ್ಧೆಗಳಲ್ಲಿ ಪುಟ್ಟ ಹುಡುಗಿಯರು ಒಂದೇ ಅಕ್ಷರವನ್ನು ಮೂರು ಮಹಡಿ ಹತ್ತಿಸಿ ಇಳಿಸುತ್ತಾರಲ್ಲ, ಅದೆಲ್ಲ ಆಕೆಯದೇ ಬಳುವಳಿ. ಹೋದ ವರ್ಷ ಇಲ್ಲಿನ ರಾಜ್ಯೋತ್ಸವದಲ್ಲಿ ಹದಿನಾರರ ಹುಡುಗಿಯೊಬ್ಬಳು ಭಾವಗೀತೆಯ ಕೊನೆಯ ಸಾಲನ್ನು ಹಾಗೆಯೇ ಹತ್ತಿಸಿ ಇಳಿಸಿದಾಗ, ಮೊದಲ ಸಾಲಿನಲ್ಲಿದ್ದ ಸಂಗೀತದ ಟೀಚರ್ ಕಣ್ಣು ಮುಚ್ಚಿಕೊಂಡರು. ಭಕ್ತಿಯಿಂದಲ್ಲ. ನಾನು ಮಾತ್ರ ಜೋರಾಗಿ ಚಪ್ಪಾಳೆ ತಟ್ಟಿ, ಹೆಂಡತಿಯಿಂದ ಮೊಣಕೈ ತಿವಿತ ತಿಂದೆ.

ಹದಿನೇಳು ವರ್ಷದ ಹಿಂದಿನ ಮಾತು. ನಾನು ಮೈಸೂರಿನಿಂದ ಬಂದು ಜುರಾಂಗ್ ಐಲ್ಯಾಂಡಿನ ಒಂದು ರಿಫೈನರಿಗೆ ಸೇರಿದ್ದೆ. ಕೆಲಸ ಏನೆಂದರೆ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಹೋಗುವುದು, ಮೀಟಿಂಗಿನಲ್ಲಿ ಮೂಲೆಯ ಕುರ್ಚಿ ಹಿಡಿಯುವುದು, ಯಾರು ಏನಂದರೂ "ನೋಟೆಡ್" ಅನ್ನುವುದು, ಸಂಜೆ ಬಸ್ಸಿನಲ್ಲಿ ವಾಪಸಾಗುವುದು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ್ದ ಹೆಮ್ಮೆ ಬೇರೆ. ಕ್ಲೆಮೆಂಟಿಯಲ್ಲಿ ಕೋಣೆ ಕೊಟ್ಟವರು ಉಡುಪಿ ಕಡೆಯ ದಂಪತಿ, ರತ್ನಾಕರ ಅಂಕಲ್ ಮತ್ತು ಜಲಜಾ ಆಂಟಿ. ಅಂಕಲ್ ಸೆಂಬವಾಂಗಿನ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿ ನಿವೃತ್ತರಾದವರು. ಅವರಿಗೆ ಮಾತು ಕಡಿಮೆ, ಸಕ್ಕರೆ ಕಾಯಿಲೆ ಜಾಸ್ತಿ. ಆಂಟಿಗೆ ಆಗ ಅರವತ್ತೆರಡು. ಒಬ್ಬಳೇ ಮಗಳು ಆಗ ಹೊರದೇಶದಲ್ಲಿ ಕೆಲಸದಲ್ಲಿದ್ದಳು.

ಮೊದಲ ವಾರವೇ ನನಗೆ ಗೊತ್ತಾದದ್ದು ಆಂಟಿಯ ಇಂಗ್ಲಿಷ್. ಪಾಲಿಕ್ಲಿನಿಕ್ಕಿಗೆ ಜೊತೆಗೆ ಹೋಗಿದ್ದೆ. ನಲವತ್ತು ನಿಮಿಷ ಕಾದ ಮೇಲೆ ಆಂಟಿ ಎದ್ದು ಕೌಂಟರಿಗೆ ಹೋಗಿ, ಎರಡೂ ಅಂಗೈ ಗಾಜಿಗೆ ಊರಿ, ಅಲ್ಲಿದ್ದ ಗುಮಾಸ್ತನಿಗೆ ಹೇಳಿದರು: "ಹನಿ, ಐ ಬೀನ್ ವೇಟಿಂಗ್ ಆನ್ ಯು ಸೋ ಲಾಂಗ್, ಐ ಗಾಟ್ ನೋ ಟಿಯರ್ಸ್ ಲೆಫ್ಟ್."

ನಾನು ಕೂತಲ್ಲೇ ಚಪ್ಪಲಿ ನೋಡಿಕೊಂಡೆ. ಗುಮಾಸ್ತ ಒಂದು ಗಳಿಗೆ ಆಂಟಿಯನ್ನೇ ನೋಡಿದ. ಆಮೇಲೆ ಅವರ ಕಾರ್ಡು ತೆಗೆದು ಮೇಲಿಟ್ಟ.

ಬೇರೆಯವರೆಲ್ಲ ಇಂಗ್ಲಿಷನ್ನು ಶಾಲೆಯಲ್ಲಿ ಕಲಿತರೆ ಆಂಟಿ ಅಕ್ಕನಿಂದ ಕಲಿತಿದ್ದರು. ಮದುವೆಯಾಗಿ ಸೆಂಬವಾಂಗಿಗೆ ಬಂದಾಗ ತುಳು, ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಅಂಕಲ್ ದಿನಾ ಓವರ್‌ಟೈಮ್. ಊರಿಗೆ ವಾಪಸ್ ಹೊರಟಿದ್ದ ವಿದೇಶಿ ನೌಕಾಪಡೆಯ ಅಧಿಕಾರಿಯೊಬ್ಬನ ಹೆಂಡತಿ ಒಂದು ರೆಕಾರ್ಡ್ ಪ್ಲೇಯರನ್ನೂ ಒಂದು ಪೆಟ್ಟಿಗೆ ರೆಕಾರ್ಡುಗಳನ್ನೂ ಇವರ ಬಾಗಿಲಲ್ಲಿ ಇಟ್ಟುಹೋದಳಂತೆ. ಪೆಟ್ಟಿಗೆಯಲ್ಲಿದ್ದುದೆಲ್ಲ ಒಬ್ಬಳೇ ಹಾಡುಗಾರ್ತಿ. ಆಂಟಿ ಒಂದು ಸಾಲು ಕೇಳುವುದು, ಮುಳ್ಳು ಎತ್ತುವುದು, ಹಾಗೆಯೇ ಹೇಳುವುದು, ಮತ್ತೆ ಮುಳ್ಳು ಇಳಿಸುವುದು. ಕೆಳಗಿನ ಮನೆಯ, ಅಷ್ಟಿಷ್ಟು ಕನ್ನಡ ಬಲ್ಲ ಮಲಯಾಳಿ ನರ್ಸ್ ಅರ್ಥ ಹೇಳಿಕೊಡುತ್ತಿದ್ದಳು. ಹೀಗೆ ನಾಲ್ಕು ವರ್ಷ. ಇಂಗ್ಲಿಷ್ ಓದಲು ಬರೆಯಲು ಮಾತ್ರ ಬರಲೇ ಇಲ್ಲ, ರೆಕಾರ್ಡಿನಲ್ಲಿ ಅಕ್ಷರ ಇರುವುದಿಲ್ಲವಲ್ಲ.

ಮಾರ್ಕೆಟ್ಟಿನ ಕೆಲಸ ಹರಕುಮುರುಕು ಮಲಯ್ ಭಾಷೆಯಲ್ಲಿ ಆಗುತ್ತಿತ್ತು. ಉಳಿದ ಸಿಂಗಾಪುರವನ್ನೆಲ್ಲ ಆಂಟಿ ಪ್ರೇಮವಂಚಿತೆಯ ಇಂಗ್ಲಿಷಿನಲ್ಲೇ ನಿಭಾಯಿಸುತ್ತಿದ್ದರು. ಬಾಗಿಲು ಮುಚ್ಚುತ್ತಿದ್ದ ಬಸ್ ಡ್ರೈವರನಿಗೆ, "ಡಾರ್ಲಿಂಗ್, ಡೋಂಟ್ ಯು ಕ್ಲೋಸ್ ಯುವರ್ ಡೋರ್ ಆನ್ ಮಿ." ಮಂಗಳವಾರ ಬರುತ್ತೇನೆಂದು ಶುಕ್ರವಾರ ಬಂದ ಹೀಟರ್ ರಿಪೇರಿಯವನಿಗೆ, "ಬೇಬಿ, ಯು ಡನ್ ಮಿ ರಾಂಗ್." ಅವನು ಐವತ್ತು ದಾಟಿದ ಮನುಷ್ಯ. ಸಾರಿ ಆಂಟಿ, ಸಾರಿ ಆಂಟಿ ಎನ್ನುತ್ತಾ ಹೀಟರಿನ ಜೊತೆಗೆ ಸೋರುತ್ತಿದ್ದ ನಲ್ಲಿಯನ್ನೂ ಸರಿಮಾಡಿಹೋದ. ಅಂಕಲ್ ಸೋಫಾದಲ್ಲಿ ಕೂತು ಪೇಪರಿನ ಹಿಂದಿನಿಂದ, "ಶುರುವಾಯ್ತು ಗೋಳು" ಅನ್ನುತ್ತಿದ್ದರು.

ಈಗ ನಾನು ಮಾಡಿದ ಮೊದಲ ತಪ್ಪನ್ನು ಹೇಳಬೇಕು. ಆಂಟಿಯ ಇಂಗ್ಲಿಷನ್ನು ತಿದ್ದಲು ಹೊರಟೆ. ಯಾರೂ ಕೇಳಿರಲಿಲ್ಲ. ಹತ್ತು ಸಭ್ಯ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. 'ಎಕ್ಸ್‌ಕ್ಯೂಸ್ ಮಿ, ಸಾರಿ ಟು ಡಿಸ್ಟರ್ಬ್ ಯು' ಎಂಬುದು ಮೊದಲನೆಯದು. ಉಳಿದ ಒಂಬತ್ತೂ ಅದೇ ಜಾತಿಯವು. ಆಂಟಿ ಮೂರು ದಿನದಲ್ಲಿ ಬಾಯಿಪಾಠ ಮಾಡಿ, ನಾಲ್ಕನೆಯ ದಿನ ಕ್ಲಿನಿಕ್ಕಿಗೆ ಒಬ್ಬರೇ ಹೋಗಿ, ಮಧ್ಯಾಹ್ನ ಎರಡಕ್ಕೆ ಹಸಿದು ವಾಪಸ್ ಬಂದರು.

"ನಿನ್ನ ಇಂಗ್ಲಿಷಲ್ಲಿ ಉಸಿರೇ ಇಲ್ಲ ಮಾರಾಯ," ಎಂದರು. "ಸಾರಿ ಟು ಡಿಸ್ಟರ್ಬ್ ಅಂದೆ. ಡಿಸ್ಟರ್ಬ್ ಆಗ್ಲೇ ಇಲ್ಲ ಅವ್ರಿಗೆ."

ಆದರೂ ಚೀಟಿಯನ್ನು ಕೀಳಲಿಲ್ಲ. ಓದಿದ ಹುಡುಗ ಬರೆದದ್ದೆಂದು ಗೌರವ.

ಆ ವರ್ಷದ ಕೊನೆಗೆ ಅಂಕಲ್ ಕಾಲಿನ ಹುಣ್ಣು ಕೆಟ್ಟಿತು. ಆಸ್ಪತ್ರೆಗೆ ಸೇರಿಸಿ ಮೂರನೆಯ ದಿನ ನಾನು ರಜೆ ಹಾಕಿ ಹೋದೆ. ಎಳೆಯ ಡಾಕ್ಟರ್ ಒಬ್ಬ ಬಂದ. ನಾನು ಮುಂದೆ ಹೋಗಿ, ನಾನು ಫ್ಯಾಮಿಲಿ ಫ್ರೆಂಡ್, ಅನುವಾದ ಮಾಡುತ್ತೇನೆ ಎಂದೆ. ಅವನಿಗೆ ನಿರಾಳವಾಯಿತು. ಆಂಟಿ ನನ್ನ ಪಕ್ಕದಲ್ಲೇ ನಿಂತು, ಫ್ರಿಜ್ಜಿನ ಮೇಲಿನ ಮೊದಲ ವಾಕ್ಯವನ್ನು ಮೆಲ್ಲಗೆ ಎರಡು ಸಲ ಹೇಳಿದರು. ಅವನು ಆಂಟಿಯ ಕಡೆ ತಿರುಗಲಿಲ್ಲ. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು, ನಾಡಿದ್ದರೊಳಗೆ, ಇಲ್ಲದಿದ್ದರೆ ನಂಜು ಮೇಲೇರಿ ಜೀವಕ್ಕೇ ಅಪಾಯ ಎಂದು ನನಗೆ ವಿವರವಾಗಿ ಹೇಳಿದ. ಆಂಪ್ಯುಟೇಷನ್ ಎಂಬ ಪದ ಅಕ್ಕನ ಯಾವ ಹಾಡಿನಲ್ಲೂ ಇರಲಿಲ್ಲ.

ಆಂಟಿ ನನ್ನ ಮುಖ ನೋಡಿದರು. ನಾನು ಹೇಳಿದೆ: "ಕಾಲಿಗೆ ಒಂದು ಸಣ್ಣ ಆಪರೇಷನ್ ಮಾಡ್ತಾರಂತೆ ಆಂಟಿ. ಏನೂ ಭಯ ಇಲ್ವಂತೆ."

ಒಳ್ಳೆಯ ಮನಸ್ಸಿನಿಂದ ಹೇಳಿದೆ ಎಂದು ನಾನು ಬಹಳ ಕಾಲ ನನಗೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆ ಮಾತು ಕೇಳಿದಾಗ ಅವರ ಮುಖ ಹೇಗಾಗುತ್ತದೋ ಅದನ್ನು ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಡಾಕ್ಟರ್ ಹೊರಗೆ ಹೋದ. ಆಂಟಿ ಕೇಳಿದರು, "ಅವ ಎಷ್ಟು ಮಾತಾಡಿದ?"

"ಏನಾಂಟಿ?"

"ಅವ ಹತ್ತು ಮಾತು ಆಡಿದ. ನೀನು ಹೇಳಿದ್ದು ಎರಡು. ಉಳಿದ ಎಂಟು ಎಲ್ಲಿ ಹೋಯ್ತು? ಅವ ಕೈಯನ್ನು ಹೀಗೆ ಮೊಣಕಾಲಿಗೆ ಅಡ್ಡ ಹಿಡಿದದ್ದು ನಾನು ನೋಡ್ಲಿಲ್ವಾ?"

"ನೀನು ಇಲ್ಲೇ ಕೂತಿರು ಮಗಾ," ಎಂದರು ಆಂಟಿ. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರಿಡಾರಿನಲ್ಲಿ ಹೋಗಿ, ಡಾಕ್ಟರ್ ಎದುರಿಗೆ ಅವನು ದಾಟಲಾರದ ಹಾಗೆ ನಿಂತರು.

"ಹನಿ," ಎಂದರು. ಇಡೀ ವಾರ್ಡಿಗೆ ಕೇಳಿತು. "ಲುಕ್ ಅಟ್ ಮಿ. ದಟ್ಸ್ ಮೈ ಮ್ಯಾನ್ ಇನ್ ದಟ್ ಬೆಡ್. ನಾಟ್ ದಿಸ್ ಬಾಯ್ಸ್ ಮ್ಯಾನ್. ಮೈ ಮ್ಯಾನ್. ಯು ಟೆಲ್ ಮಿ ಟ್ರೂ."

ನನ್ನ ಹತ್ತು ವಾಕ್ಯಗಳಲ್ಲಿ ಒಂದೂ ಅದರಲ್ಲಿ ಇರಲಿಲ್ಲ. ಡಾಕ್ಟರ್ ಆಗಲೇ ಮೊದಲ ಬಾರಿಗೆ ಆಂಟಿಯ ಮುಖ ನೋಡಿದ್ದು. ಎರಡು ಕುರ್ಚಿ ಎಳೆದು, ಅವರನ್ನು ಕೂರಿಸಿ, ತಾನೂ ಕೂತ. ದೊಡ್ಡ ಪದಗಳನ್ನೆಲ್ಲ ಬಿಟ್ಟು, ಕಟ್ ಎಂದ, ಲೆಗ್ ಎಂದ, ಲಿವ್ ಎಂದ, ಡೈ ಎಂದ. ಅವೆಲ್ಲ ಅಕ್ಕನ ಪದಗಳೇ, ಆಂಟಿಗೆ ಪೂರಾ ಅರ್ಥವಾಯಿತು. ಕೊನೆಗೆ ಆಂಟಿ ಕೇಳಿದ್ದು ಒಂದನ್ನೇ. "ಐ ಟೆಲ್ ಹಿಮ್. ನಾಟ್ ಯು. ಮಿ." ಅವನು ತಲೆಯಾಡಿಸಿದ.

ಪರದೆ ಎಳೆದುಕೊಂಡು ಆಂಟಿ ಅಂಕಲಿಗೆ ತುಳುವಿನಲ್ಲಿ ಹೇಳಿದರು. ನನಗೆ ತುಳು ಬರುವುದಿಲ್ಲ, ಬಂದಿದ್ದರೂ ಕೇಳುವ ಮುಖ ನನಗಿರಲಿಲ್ಲ. ಆಮೇಲೆ ಅಂಕಲ್ ಏನೋ ಕೇಳಿದರು, ಆಂಟಿ ಅಳುತ್ತಾ ನಕ್ಕರು. ಅವರು ಕೇಳಿದ್ದೇನೆಂದು ಆಂಟಿ ಆಮೇಲೆ ಹೇಳಿದರು: ಹೋದ ವಾರ ತಂದ ಹೊಸ ಚಪ್ಪಲಿಯಲ್ಲಿ ಒಂದನ್ನು ಮಾತ್ರ ಅಂಗಡಿಯವನು ವಾಪಸ್ ತಗೊಳ್ತಾನಾ.

ಅವತ್ತು ಸಂಜೆ ಮನೆಗೆ ಬಂದು ಫ್ರಿಜ್ಜಿನ ಚೀಟಿ ಕಿತ್ತುಹಾಕಿದೆ. ಆಂಟಿ ನೋಡಿದರು. ಮರುದಿನ ಎಂದಿನಂತೆ ಇಡ್ಲಿ ಕೊಟ್ಟರು. ಅದಕ್ಕಿಂತ ಎರಡು ಬೈಗುಳ ಕೊಟ್ಟಿದ್ದರೆ ವಾಸಿಯಿತ್ತು. ಅಂಕಲ್ ಕೃತಕ ಕಾಲಿನಲ್ಲಿ ಆರು ವರ್ಷ ಕಟ್ಟಡದ ಕೆಳಗಿನ ವಾಯ್ಡ್ ಡೆಕ್ಕಿನ ಬೆಂಚಿನವರೆಗೆ ನಡೆದಾಡಿಕೊಂಡಿದ್ದು ತೀರಿಕೊಂಡರು. ನಾನು ಅಷ್ಟರಲ್ಲಿ ಮದುವೆಯಾಗಿ ಕಾಂಡೋಗೆ ಶಿಫ್ಟ್ ಆಗಿದ್ದೆ. ಆಂಟಿ ವಾಪಸ್ ಬಂದಿದ್ದ ಮಗಳ ಜೊತೆ ಸೆಂಬವಾಂಗಿಗೆ ಹೋದರು. ದೀಪಾವಳಿಗೆ ಫೋನ್ ಮಾಡುತ್ತಿದ್ದೆ, ಹುಟ್ಟುಹಬ್ಬಕ್ಕೆ ಮೆಸೇಜ್. ಸುಳ್ಳು ಹೇಳಿದೆ, ಕ್ಷಮಿಸಿ ಎಂಬ ಮಾತು ಮಾತ್ರ ಹದಿನೇಳು ವರ್ಷ ಬಾಯಿಗೆ ಬರಲಿಲ್ಲ. ಹೆದರುಪುಕ್ಕಲತನ ನನ್ನಲ್ಲಿ ಬಹಳ ಕಾಲ ಬಾಳಿಕೆ ಬರುತ್ತದೆ.

ಶಾಂಪೂ ಸಾಂಗ್ ಎಂದು ನನ್ನ ಮಗಳು ಹೇಳಿದ ಮರುದಿನ, ಭಾನುವಾರ, ಎಂಆರ್‌ಟಿ ರೈಲು ಹಿಡಿದು ಸೆಂಬವಾಂಗಿಗೆ ಹೋದೆ. ಆಂಟಿ ಬಾಗಿಲು ತೆಗೆದು, ನನ್ನ ಹೊಟ್ಟೆ ನೋಡಿ, "ಎಂತ, ಪ್ರಮೋಷನ್ ಆಯ್ತಾ?" ಎಂದರು. ಅವರ ಮಗಳು ಕೆಲಸಕ್ಕೆ ಹೋಗಿದ್ದಳು. ಮೇಜಿನ ಮೇಲೆ ಫೋನಿನಲ್ಲಿ ಅಕ್ಕ ಸಣ್ಣ ದನಿಯಲ್ಲಿ ಹಾಡುತ್ತಿದ್ದಳು. ಆಂಟಿ ಕುರ್ಚಿ ಹುಡುಕಿಕೊಂಡು ಕೂರುವಾಗ ಕೈ ಒಂದು ಗೇಣು ಆಚೆ ತಡಕಿತು. ನಾನು ಗಮನಿಸಿದೆ.

"ಆಂಟಿ, ಅವತ್ತು ಆಸ್ಪತ್ರೆಯಲ್ಲಿ ನಾನು..."

"ಅದೆಲ್ಲ ಇರ್ಲಿ. ನೀನು ಬಂದದ್ದು ಒಳ್ಳೇದಾಯ್ತು." ಮೇಜಿನ ಡ್ರಾಯರಿನಿಂದ ಒಂದು ಲಕೋಟೆ ತೆಗೆದರು. "ಇದನ್ನು ಓದು. ಕಣ್ಣಿನ ಡಾಕ್ಟರದ್ದು. ಮಗಳು ಓದಿದ್ಲು. ನಾಲ್ಕು ಪ್ಯಾರಾ ಉಂಟು, ಅವಳು ಹೇಳಿದ್ದು ಎರಡು ಮಾತು."

"ನಾನಾ ಆಂಟಿ?" ನನ್ನ ದನಿ ಸಣ್ಣದಾಯಿತು. "ನಾನೇ ಯಾಕೆ?"

"ನಿನಗೆ ಒಮ್ಮೆ ಪೆಟ್ಟು ಬಿದ್ದುಂಟು. ಎರಡನೇ ಸಲ ನೀನು ಮಾಡ್ಲಿಕ್ಕಿಲ್ಲ."

ಓದಿದೆ. ಒಂದೊಂದು ವಾಕ್ಯವನ್ನೂ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಬಲಗಣ್ಣಿನ ನೋಟ ಹೋಗಿದೆ, ವಾಪಸ್ ಬರುವುದಿಲ್ಲ ಎಂದೆ. ಮೂರನೆಯ ಪ್ಯಾರಾದಲ್ಲಿ ನಿಂತೆ. 'ಸ್ವಲ್ಪ ತೊಂದರೆ' ಎಂಬ ಎರಡು ಪದ ನಾಲಿಗೆಯ ತುದಿಯಲ್ಲಿ ತಯಾರಾಗಿದ್ದವು.

"ಎಡಗಣ್ಣಿಗೂ ಅದೇ ಶುರುವಾಗಿದೆ ಆಂಟಿ. ನಿಧಾನ ಮಾಡಬಹುದಂತೆ, ನಿಲ್ಲಿಸೋಕೆ ಆಗಲ್ವಂತೆ. ಎರಡು ವರ್ಷದಲ್ಲಿ ಅದೂ ಹೋಗಬಹುದು ಅಂತ ಬರ್ದಿದಾರೆ."

ಅವರ ಮುಖ ಹೇಗಾಯಿತೆಂದು ಈ ಸಲ ನೋಡಿದೆ. ಪೂರಾ ನೋಡಿದೆ. ನನಗೇ ಅಳು ಬಂತು, ಅಳುತ್ತಲೇ ನಾಲ್ಕನೆಯ ಪ್ಯಾರಾವನ್ನೂ ಓದಿ ಮುಗಿಸಿದೆ.

ಆಂಟಿ ಮೇಜಿನ ಮೇಲೆ ತಡಕಿ, ಅಕ್ಕ ಹಾಡುತ್ತಿದ್ದ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕೇಳಿದರು, "ಕಿವಿದು ಎಂತಾದ್ರೂ ಬರ್ದಿದ್ದಾರಾ?"

ನಾನು ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದೆ. "ಇಲ್ಲ ಆಂಟಿ. ಕಿವಿ ಬಗ್ಗೆ ಒಂದಕ್ಷರವೂ ಇಲ್ಲ."

"ಪೂರಾ ಓದಿದಿಯಲ್ಲ?"

"ಪೂರಾ ಓದಿದೆ."

"ಹಾಗಾದ್ರೆ ಏಳು," ಎಂದರು ಆಂಟಿ. "ಕೈ ತೊಳ್ಕೊ, ಬಡಿಸ್ತೇನೆ."