ಏಳನೇ ರೀಲು

೧೯೪೪ನೇ ಇಸವಿ, ಸುಗ್ಗಿ ಮುಗಿದ ಕಾಲ. ಯುದ್ಧ ಇನ್ನೂ ನಡೆಯುತ್ತಿತ್ತು, ಸೀಮೆಎಣ್ಣೆಗೆ ಸಾಲಿನಲ್ಲಿ ನಿಲ್ಲಬೇಕಿತ್ತು. ಆದರೂ ಮಳವಳ್ಳಿಯ ಹೊರಗಿನ ಬಯಲಿನಲ್ಲಿ ಟೆಂಟ್ ಸಿನಿಮಾದ ಆಟ ನಿಂತಿರಲಿಲ್ಲ. ಆ ಟೆಂಟಿನಲ್ಲಿ ನನಗಾದ ಒಂದು ಅನುಭವವನ್ನು ಮೂರು ವರ್ಷದ ಮೇಲೆ ಈಗ ಬರೆಯುತ್ತಿದ್ದೇನೆ. ಯಾಕೆ ಈಗ ಎಂಬುದನ್ನು ಕೊನೆಗೆ ಹೇಳುತ್ತೇನೆ.

ನನಗೆ ಸಿನಿಮಾ ಹುಚ್ಚು. ಮಂಡ್ಯದಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುವ ಕೆಲಸ ಸಿಕ್ಕಿದಂದಿನಿಂದ ಊರಿಗೆ ಬಂದ ಒಂದು ಚಿತ್ರವನ್ನೂ ಬಿಟ್ಟವನಲ್ಲ. ಅಭಿಪ್ರಾಯಗಳಿಗೂ ನನ್ನಲ್ಲಿ ಬರವಿಲ್ಲ. ಈಚಿನ ಚಿತ್ರಗಳಲ್ಲಿ ಹಾಡು ಅತಿಯಾಯಿತು. ಹೋದ ತಿಂಗಳು ನೋಡಿದ್ದರಲ್ಲಿ ಹಾವು ಕಚ್ಚಿಸಿಕೊಂಡ ನಾಯಕ ಎರಡು ಹಾಡು ಪೂರ್ತಿ ಹಾಡಿ ಆಮೇಲೆ ಕೆಳಗೆ ಬಿದ್ದ. ಆ ಹಾವಿಗೂ ಸಂಗೀತ ಬರುತ್ತಿತ್ತೋ ಏನೋ! ದೇವರ ಚಿತ್ರಗಳಲ್ಲಿ ದೇವರು ಪ್ರತ್ಯಕ್ಷವಾಗುವುದು ತಡವಾದಷ್ಟೂ ನನಗೆ ಇಷ್ಟ, ಬಂದ ಮೇಲೆ ಕಥೆಯೇ ಉಳಿಯುವುದಿಲ್ಲ. ಕತ್ತಿ ವರಸೆ ನೋಡುವವರು ನೋಡಲಿ. ನನಗೆ ಮಾತ್ರ ಒಲೆ, ಬಾವಿಕಟ್ಟೆ, ಅತ್ತೆ ಸೊಸೆ ಜಗಳ ಇರುವ ಸಂಸಾರದ ಚಿತ್ರಗಳೇ ಪ್ರಾಣ. ಗೆಳೆಯರು ನಗುತ್ತಾರೆ. ನಗಲಿ, ನನಗೇನು!

ಆಗ ಬರುತ್ತಿದ್ದ ಚಿತ್ರಗಳಲ್ಲಿ ಕನ್ನಡದವು ಬೆರಳೆಣಿಕೆಯಷ್ಟು, ಹೆಚ್ಚಿನವು ತಮಿಳು. ಮಂಡ್ಯದಲ್ಲಿ ನನ್ನ ಪಕ್ಕದ ಮನೆಯವರು ತಮಿಳರಾದ್ದರಿಂದ ನನಗೆ ಆ ಭಾಷೆ ಚೆನ್ನಾಗಿ ಹತ್ತಿತ್ತು. ಮಳವಳ್ಳಿಯ ಟೆಂಟಿನಲ್ಲಿ ಇದ್ದದ್ದು ಒಂದೇ ಮೆಷೀನು. ಒಂದು ರೀಲು ಮುಗಿದರೆ ದೀಪ ಹಾಕಿ, ಅದನ್ನು ಬಿಚ್ಚಿ, ಇನ್ನೊಂದನ್ನು ಏರಿಸಬೇಕು. ಆ ಬಿಡುವಿನಲ್ಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ನಿಂತು, ಆಗಿಹೋದ ಕಥೆಯನ್ನು ಜನರಿಗೆ ಕನ್ನಡದಲ್ಲಿ ಹೇಳುವುದು ಪ್ರತಿ ಶನಿವಾರ ನನ್ನ ಕೆಲಸ. ಕಥೆಯ ಜೊತೆಗೆ ನನ್ನ ಅಭಿಪ್ರಾಯವನ್ನೂ ಸೇರಿಸುತ್ತಿದ್ದೆ. ಅದನ್ನು ಯಾರೂ ಕೇಳಿರಲಿಲ್ಲ ಅನ್ನುವುದು ಬೇರೆ ಮಾತು.

ಇಷ್ಟೆಲ್ಲ ಇದ್ದರೂ ನಮ್ಮ ಮನೆಯಲ್ಲಿ ಸಿನಿಮಾ ಎಂಬ ಮಾತನ್ನೇ ಎತ್ತುವಂತಿರಲಿಲ್ಲ. ನಮ್ಮದು ಪೂರಿಗಾಲಿ. ಮನೆಯಲ್ಲಿ ಅವ್ವ ಒಬ್ಬಳೇ, ಅಪ್ಪ ಮೊದಲೇ ಹೋಗಿದ್ದರು. ನನ್ನ ಅಕ್ಕ ಸಾಕಮ್ಮನನ್ನು ಕಿರುಗಾವಲಿಗೆ ಕೊಟ್ಟಿದ್ದೆವು. ಈ ಕಥೆ ನಡೆಯುವುದಕ್ಕೆ ಎರಡು ವರ್ಷ ಹಿಂದೆ ಅಕ್ಕನಿಗೆ ವಿಷಮಜ್ವರ ಬಂದು ವಿಪರೀತಕ್ಕೆ ಹೋದಾಗ ಭಾವ ಮಂಡ್ಯಕ್ಕೆ ಆಳು ಕಳಿಸಿದ್ದರು. ಅವನು ಬಂದಾಗ ನಾನು ರೂಮಿನಲ್ಲಿರಲಿಲ್ಲ, ಸಿನಿಮಾದಲ್ಲಿದ್ದೆ. ಚಿತ್ರ ಬಹಳ ಹಿಡಿಸಿತೆಂದು ಮುಂದಿನ ಆಟಕ್ಕೂ ಅಲ್ಲೇ ಕೂತುಬಿಟ್ಟೆ. ಅವನು ಕಾದು ಕಾದು ಹೊರಟುಹೋದ. ಮರುದಿನ ನಾನು ಕಿರುಗಾವಲು ಮುಟ್ಟುವ ಹೊತ್ತಿಗೆ ಅಕ್ಕನನ್ನು ಮಣ್ಣು ಮಾಡಿ ಎಲ್ಲರೂ ಸ್ನಾನ ಮಾಡುತ್ತಿದ್ದರು. ಅವ್ವ ಒಂದೇ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಳವಳ್ಳಿಯಲ್ಲಿ ಅವ್ವನ ತಂಗಿ, ಅಂದರೆ ನಮ್ಮ ಚಿಕ್ಕವ್ವನ ಮನೆ ಇದೆ. ಆ ವರ್ಷ ಚಿಕ್ಕವ್ವ ಪಟ್ಟು ಹಿಡಿದಳು. “ನಿನ್ ಮಗ ಅಷ್ಟು ಜನದ ಮುಂದೆ ನಿಂತ್ಕಂಡು ಕತೆ ಏಳ್ತಾನೆ ಕಣಕ್ಕ. ಒಂದ್ ಸಲನಾದ್ರೂ ಬಂದು ನೋಡ್ಬಾರ್ದಾ?” ಎಂದು ತಿಂಗಳುಗಟ್ಟಲೆ ಪೀಡಿಸಿದ ಮೇಲೆ ಅವ್ವ ಒಪ್ಪಿದಳು. ನನ್ನನ್ನು ಕೂರಿಸಿಕೊಂಡು ಹೇಳಿದಳು:

“ಒಂದೇ ಸಲ ಬತ್ತೀನಿ. ನಂಗೆ ಬ್ಯಾಡ ಅನ್ನುಸ್ತೋ, ನೀನೂ ಆ ಕಡೆ ತಲೆ ಆಕಿ ಮಲೀಕ್ಕೂಡ್ದು. ಒಪ್ತೀಯೇನ್ಲಾ?”

ಒಪ್ಪಿದೆ. ಒಪ್ಪದೆ ಏನು ಮಾಡಲಿ?

ಅವ್ವ ಬಂದ ಶನಿವಾರ ಟೆಂಟಿನಲ್ಲಿದ್ದ ಚಿತ್ರ ಯಾವುದೆಂದು ತಿಳಿದಾಗ, ಬೇರೆ ಯಾವುದಾದರೂ ಬರಬಾರದಿತ್ತೇ ಅಂದುಕೊಂಡೆ. ಅದನ್ನು ಮಂಡ್ಯದಲ್ಲಿ ನೋಡಿದ್ದೆ. ಒಟ್ಟು ಎಂಟು ರೀಲು. ಕಷ್ಟಪಡುವ ಸೊಸೆ, ಗಯ್ಯಾಳಿ ಅತ್ತೆ, ಪರವೂರಿಗೆ ಹೋದ ಗಂಡ. ಆರನೇ ರೀಲಿಗೆ ಗಂಡ ವಾಪಸ್ಸು ಬರುತ್ತಾನೆ, ಎಲ್ಲ ಸರಿಹೋಗುತ್ತದೆ. ಏಳನೇ ರೀಲಿನಲ್ಲಿ ಆ ಹುಡುಗಿ ಜ್ವರ ಬಂದು ಸಾಯುತ್ತಾಳೆ. ಗಾಡಿ ಕಟ್ಟಿಕೊಂಡು ಅಷ್ಟು ದೂರದಿಂದ ಬಂದ ಅವ್ವನನ್ನು ಹಿಂದಕ್ಕೆ ಕಳಿಸುವುದು ಹೇಗೆ? ಚಿಕ್ಕವ್ವನಿಗೆ ಗುಟ್ಟಾಗಿ ಹೇಳಿಕೊಟ್ಟೆ. ಆರನೇ ರೀಲು ಮುಗಿದ ತಕ್ಷಣ ನಾನು ಕಥೆ ಮುಗಿಯಿತು ಎನ್ನುವಂತೆ ಕೈ ಮುಗಿಯುತ್ತೇನೆ, ಅವಳು ಅವ್ವನನ್ನು ಎಬ್ಬಿಸಿಕೊಂಡು ಮನೆಗೆ ಹೋಗಬೇಕು.

ಕತ್ತಲಾಗುತ್ತಿದ್ದಂತೆ ಆಟ ಶುರುವಾಯಿತು. ಹೆಂಗಸರ ಕಡೆ ಮರಳಿನ ಮೇಲೆ ಮುಂದೆಯೇ ಅವ್ವ ಕೂತಿದ್ದಳು. ಮೊದಲ ಮೂರು ರೀಲು ಅವಳನ್ನೇ ನೋಡುತ್ತಿದ್ದೆ. ಪರದೆಯ ಮೇಲೆ ಅತ್ತೆ ಸೊಸೆಯ ಗಂಜಿಗೆ ನೀರು ಸುರಿದಾಗ, “ಅವಳ ಕೈ ಸೇದೋಗ!” ಎಂಬ ಶಾಪ ಟೆಂಟಿಗೆಲ್ಲ ಕೇಳಿಸಿತು. ಅದು ನಮ್ಮವ್ವನ ಗಂಟಲು! ನಾನು ಗೆದ್ದೆ ಅಂದುಕೊಂಡೆ.

ನಾಲ್ಕನೇ ರೀಲು ಏರಿತು. ಪರದೆಯ ಮೇಲೆ ಕತ್ತಲೆ ಕೋಣೆ, ಚಾಪೆ, ಚಾಪೆಯ ಮೇಲೆ ಆ ಹುಡುಗಿ, ಪಕ್ಕದಲ್ಲಿ ನಾಡಿ ಹಿಡಿದ ಪಂಡಿತರು. ಮೆಷೀನಿನ ಹತ್ತಿರ ಓಡಿದೆ.

“ಸಾಬ್ರೇ, ಇದು ಏಳನೇದು!”

ಆಪರೇಟರ್ ಸಾಬರು ಹಣೆ ಬಡಿದುಕೊಂಡರು. ಬಸ್ಸಿನ ಮೇಲೆ ಬರುವಾಗ ಅಕಾಲದ ಮಳೆಗೆ ಸಿಕ್ಕಿ ಡಬ್ಬಗಳು ನೆಂದು, ನಂಬರಿನ ಚೀಟಿಗಳು ಉದುರಿಹೋಗಿದ್ದವಂತೆ. ಅಂದಾಜಿನಲ್ಲಿ ಜೋಡಿಸಿಟ್ಟುಕೊಂಡಿದ್ದರು. “ಈಗ ನಿಲ್ಸಿದ್ರೆ ಜನ ಟೆಂಟೇ ಕಿತ್ತಾಕ್ತಾರೆ ಚಿಕ್ಕಣ್ಣ, ಓಡ್ಲಿ ಬುಡಿ,” ಎಂದರು.

ಓಡಿತು. ಅತ್ತೆ ಸೊಸೆಯ ಕಾಲು ಹಿಡಿದು ಅತ್ತಳು. ಹುಡುಗಿಯ ಕೈ ಚಾಪೆಯಿಂದ ಜಾರಿತು. ಎಲ್ಲರೂ ಗೊಳೋ ಎಂದರು. ಅಲ್ಲಿಗೆ ರೀಲು ಮುಗಿದು ದೀಪ ಹತ್ತಿತು. ಹೆಂಗಸರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಅವ್ವ ಮಾತ್ರ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲಾಡದೆ ಕೂತಿದ್ದಳು. ಚಿಕ್ಕವ್ವ ಕೈ ಹಿಡಿದು ಎಬ್ಬಿಸಲು ನೋಡಿದರೆ ಏಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ನಾನು ಸ್ಟೂಲು ಹತ್ತಲೇಬೇಕಿತ್ತು. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಬಾಯಿ ತಾನಾಗಿ ಅಂದಿತು: “ಅಳಬೇಡಿ ಕಣ್ರವ್ವಾ, ಆ ಹುಡುಗಿ ಸತ್ತಿಲ್ಲ!”

ಮೂಗು ಒರೆಸುತ್ತಿದ್ದ ಸೆರಗುಗಳೆಲ್ಲ ಕೆಳಗಿಳಿದವು.

“ನಾಡಿ ನಿಂತಂಗೆ ಕಂಡಿತ್ತು ಅಷ್ಟೆ. ಆ ಪಂಡಿತರು ಸಾಮಾನ್ಯರಲ್ಲ. ಔಷಧಿ ಅರೆದು ನಾಲಗೆಗೆ ಸವರಿದರು, ಜೀವ ಬಂತು. ಅದನ್ನು ಚಿತ್ರದವರು ತೋರಿಸಿಲ್ಲ. ಅದು ಅವರ ತಪ್ಪು ಅಂತ ನನ್ನ ಅಭಿಪ್ರಾಯ. ಈಗ ನೋಡಿ, ಎದ್ದು ಬರ್ತಾಳೆ!”

ಸಾಬರು ನಿಜವಾದ ನಾಲ್ಕನೇ ರೀಲು ಬಿಟ್ಟರು. ಬಾವಿಕಟ್ಟೆ. ಬಿಸಿಲು. ಆ ಹುಡುಗಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು, ಹಾಡಿಕೊಂಡು, ನೇರವಾಗಿ ನಮ್ಮ ಕಡೆಗೇ ನಡೆದು ಬಂದಳು. ಅಯ್ಯೋ, ಆ ಚಪ್ಪಾಳೆ! ಆ ಶಿಳ್ಳೆ! ಅಂಥದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಗಂಡಸರ ಕಡೆ ಒಬ್ಬರು ಎದ್ದು ನಿಂತು ಪರದೆಗೆ ಕೈ ಮುಗಿದರು.

ಅಷ್ಟಕ್ಕೇ ನನ್ನ ಕಷ್ಟ ಮುಗಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಮತ್ತೆ ಸೊಸೆಗೆ ಸೌದೆಯಲ್ಲಿ ಬಾರಿಸತೊಡಗಿದಳು. ಮುಂದಿನ ಬಿಡುವಿನಲ್ಲಿ ಒಬ್ಬಳು ಮುದುಕಿ ಕೇಳಿಯೇಬಿಟ್ಟಳು: “ಈಗ್ತಾನೆ ಕಾಲು ಇಡ್ಕಂಡು ಅತ್ಲಲ್ಲಪ್ಪಾ, ಮತ್ಯಾಕೆ ಒಡೀತಾವ್ಳೆ?”

“ಅತ್ತೆ ಬುದ್ಧಿ ಅಷ್ಟು ಬೇಗ ಓಯ್ತದಾ ಅಜ್ಜಿ?” ಎಂದೆ.

ಹೆಂಗಸರಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಯೇ ಎಲ್ಲರಿಗಿಂತ ಹೆಚ್ಚು ನಕ್ಕಳು.

ಆರನೇ ರೀಲು ಮುಗಿಯುವಾಗ ಗಂಡ ಬಂದಿದ್ದ, ಹುಡುಗಿ ತುಳಸಿಕಟ್ಟೆಗೆ ದೀಪ ಇಡುತ್ತಿದ್ದಳು. ನಾನು ಸಾಬರ ಹತ್ತಿರ ಹೋಗಿ, “ಎಂಟನೇದು ಬೇಡ,” ಎಂದೆ.

“ಎಂಟರಲ್ಲಿ ಏನಿದೆ?”

“ಅವಳನ್ನ ಮಣ್ಣು ಮಾಡ್ತಾರೆ. ಮುಂದೆ ನಮ್ಮವ್ವ ಕೂತವ್ಳೆ. ನಮ್ಮಕ್ಕನೂ ಜ್ವರದಲ್ಲೇ ಹೋದ್ಲು ಸಾಬ್ರೇ.”

ಸಾಬರು ಹೆಂಗಸರ ಕಡೆ ಒಮ್ಮೆ ನೋಡಿದರು. ಆಮೇಲೆ ಆ ಡಬ್ಬವನ್ನು ನೆಲಕ್ಕಿಟ್ಟು ಅದರ ಮೇಲೆ ಕೂತುಬಿಟ್ಟರು. “ಓಗಿ, ಮುಗೀತು ಅಂತ ಏಳಿ,” ಎಂದರು.

ಸ್ಟೂಲು ಹತ್ತಿ, ಕಥೆ ಮುಗಿಯಿತೆಂದು ಕೈ ಮುಗಿದೆ. ಅವ್ವನೂ ನಾನೂ ಆ ರಾತ್ರಿ ಚಿಕ್ಕವ್ವನ ಮನೆಯಲ್ಲಿ ಉಳಿದು ಬೆಳಿಗ್ಗೆ ಗಾಡಿ ಹೂಡಿದೆವು. ನಾನೇ ಹೊಡೆಯುತ್ತಿದ್ದೆ. ಊರು ದಾಟಿ ಬಹಳ ದೂರ ಬಂದ ಮೇಲೆ ಅವ್ವ ಹಿಂದಿನಿಂದ ಕೇಳಿದಳು:

“ಆ ಪಂಡಿತ ಔಸ್ದಿ ಕೊಟ್ಟಿದ್ದು ಸುಳ್ಳು ತಾನೇ?”

ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ. ಉದುರಿದ ಚೀಟಿ, ಏಳನೇ ರೀಲು, ಸಾಬರು ಕೂತ ಡಬ್ಬ, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಎರಡು ವರ್ಷದಿಂದ ಹೇಳದಿದ್ದದ್ದೂ ಬಾಯಿಗೆ ಬಂತು. “ಆವತ್ತು ಒಂದಾಟ ನೋಡಿ ಎದ್ದಿದ್ರೆ ಆಳು ಸಿಕ್ಕೋನು ಕಣವ್ವ. ಅಕ್ಕನ ಮೊಕನಾದ್ರೂ ನೋಡ್ತಿದ್ದೆ,” ಎಂದು ಎತ್ತುಗಳ ಬೆನ್ನು ನೋಡಿಕೊಂಡು ಅತ್ತುಬಿಟ್ಟೆ.

ಅವ್ವ ನನ್ನನ್ನು ಅಳಲು ಬಿಟ್ಟಳು. ಆಮೇಲೆ ಹೇಳಿದಳು: “ಸುಳ್ಳು ಅಂತ ನಂಗೆ ಆಗ್ಲೇ ಗೊತ್ತಾಯ್ತು. ಸುಳ್ಳು ಏಳೋವಾಗ ನೀನು ಕಿವಿ ಇಡ್ಕತೀಯ, ಮಗ ಆಗಿದ್ದಾಗ್ಲಿಂದ್ಲೂ.”

“ಮತ್ತೆ ಎದ್ದು ಹೋಗಲಿಲ್ಲ ಯಾಕವ್ವ?”

“ಯಾಕ್ಲಾ ಓಗ್ಲಿ? ಕೊಡ ಒತ್ಕಂಡು ಬತ್ತಾ ಇದ್ಲಲ್ಲ! ನಮ್ ಸಾಕಿನೂ ಅಂಗೇ ಅಲ್ವಾ ಬತ್ತಿದ್ದದ್ದು, ಒಂದ್ ಕಡೀಕೆ ವಾಲ್ಕಂಡು? ಎಲ್ಡು ವರ್ಸದಿಂದ ಕಣ್ ಮುಚ್ಚುದ್ರೆ ಸಾಕು, ಚಾಪೆ ಮ್ಯಾಲೆ ಮಲಗಿದ್ದೇ ಕಾಣೋದು ಕಣ್ಲಾ ಮಗ. ನೆನ್ನೆ ಮಲೀಕಂಡಾಗ ಕೊಡ ಒತ್ಕಂಡು ಬಂದ್ಲು.”

ಸ್ವಲ್ಪ ದೂರ ಹೋದ ಮೇಲೆ ನಾನೇ ಕೇಳಿದೆ. “ಹಾಗಾದರೆ ಸಿನಿಮಾ?”

“ಓಗು. ಆದ್ರೆ ಒಂದೇ ಚಿತ್ರನ ಎಲ್ಡು ಸಲ ನೋಡ್ಬ್ಯಾಡ.”

ಅಂದಿನಿಂದ ಅವ್ವ ಪೂರಿಗಾಲಿಯ ಹೆಂಗಸರಿಗೆ ಆ ಕಥೆಯನ್ನು ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಅವಳ ಕಥೆಯಲ್ಲಿ ಹುಡುಗಿ ಮೊದಲು ಸಾಯುತ್ತಾಳೆ, ಆಮೇಲೆ ನೀರು ತರುತ್ತಾಳೆ. ನನಗೂ ಅದೇ ಸರಿಯೆನಿಸುತ್ತದೆ. ನಿನಗೆ ಬಹಳ ಇಷ್ಟವಾದ ಚಿತ್ರ ಯಾವುದು ಎಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಕೊನೆಯಲ್ಲಿ ಅವಳು ಸಾಯುತ್ತಾಳಲ್ಲ ಎಂದು ವಾದಕ್ಕೆ ಬರುವವರಿಗೆ, ನೀವು ತಪ್ಪು ನೋಡಿದ್ದೀರಿ ಎನ್ನುತ್ತೇನೆ.

ಹೋದ ವಾರ ಆ ಚಿತ್ರ ಮಳವಳ್ಳಿಯ ಟೆಂಟಿಗೆ ಮತ್ತೆ ಬಂತು. ಅದಕ್ಕೇ ಇದನ್ನು ಬರೆಯಬೇಕೆನಿಸಿದ್ದು. ಸುದ್ದಿ ತಿಳಿದ ಕೂಡಲೇ ನಾನು ಸಾಬರ ಬಳಿ ಓಡಿದೆ. ಈ ಸಲ ಎಂಟು ಡಬ್ಬಗಳ ಮೇಲೂ ಚೀಟಿ ಗಟ್ಟಿಯಾಗಿ ಅಂಟಿತ್ತು. ನಾನು ಏನೂ ಕೇಳಲಿಲ್ಲ. ಸಾಬರು ಉಗುರಿನಿಂದ ಏಳನೆಯದರ ಚೀಟಿ ಕೆರೆದು ತೆಗೆದು, ಅದನ್ನು ಮೂರರ ಪಕ್ಕಕ್ಕೆ ಇಟ್ಟರು. ಎಂಟನೆಯದನ್ನು ಕೂರುವುದಕ್ಕೆ ಎಳೆದುಕೊಂಡರು. ಅವರಿಗೆ ನೆನಪಿದ್ದುದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದು ಬರೆದು ತೋರಿಸಲಾರೆ.

ಶನಿವಾರ ಬೆಳಿಗ್ಗೆ ಪೂರಿಗಾಲಿಯಲ್ಲಿ ಗಾಡಿ ಹೂಡುತ್ತಿದ್ದೆ. ಒಂದೇ ಚಿತ್ರವನ್ನು ಎರಡು ಸಲ ನೋಡಬೇಡ ಎಂದಿದ್ದ ಅವ್ವ, ಎತ್ತುಗಳನ್ನು ಕಟ್ಟುವ ಮೊದಲೇ ಗಾಡಿ ಹತ್ತಿ ಕೂತಿದ್ದಳು.