ಬೆಂಕಿಗಿಂತ ಮೊದಲು ಬಂದ ಸದ್ದು

ರೋಣದಲ್ಲಿ ನನ್ನದೊಂದು ವಿಡಿಯೊ ಎಡಿಟಿಂಗ್ ಅಂಗಡಿ. ಒಮ್ಮೆ ಗಜೇಂದ್ರಗಡದ ಬಟ್ಟೆ ಸಾಹುಕಾರರೊಬ್ಬರು ಬಂದು, ತಾವೇ ಆಡಿ ರೆಕಾರ್ಡ್ ಮಾಡಿದ್ದ ಬಂದೂಕಿನ ಗೇಮ್ ಒಂದನ್ನು ತೋರಿಸಿದರು. ಅವರ ಗುಂಡಿನ ಸದ್ದಿಗೆ ಸರಿಯಾಗಿ ಕೊನೆಯ ವೈರಿ ಬೀಳುತ್ತಿದ್ದ.

“ಇಂವನ್ನ ಕೊಂದಾವ ನಾನರಿ. ನನ್ನ ಹೆಂಡತಿ ತಮ್ಮನೂ ನನ್ನ ಜೋಡಿ ಆಡ್ತಿದ್ದ, ತಾನ ಕೊಂದೀನಿ ಅಂತಾನ. ನಾಳೆ ಮಾವನ ಮನ್ಯಾಗ ಎಲ್ಲಾರ ಮುಂದ ತೋರಸ್ಬೇಕು. ಆದ್ರ ನೋಡ್ರಿ, ನನ್ನ ಬಂದೂಕಿನ ಸದ್ದು ಮೊದಲ ಬರ್ತೈತಿ, ಬೆಂಕಿ ಆಮ್ಯಾಲ ಕಾಣ್ತೈತಿ. ಸರಿ ಮಾಡಿಕೊಡ್ರಿ.”

ಮೊಬೈಲ್ ಬಿಸಿಯಾಗಿ ಫ್ರೇಮುಗಳನ್ನು ಒಂದೇ ವೇಗದಲ್ಲಿ ಹಿಡಿದಿರಲಿಲ್ಲ. ಹಾಗಾಗಿ ಚಿತ್ರ ಸದ್ದಿಗಿಂತ ಒಂದು ಸೆಕೆಂಡ್ ಹಿಂದೆ ಬಿದ್ದಿತ್ತು. ಇಡೀ ವಿಡಿಯೊವನ್ನು ಒಂದೇ ಫ್ರೇಮ್ ರೇಟಿಗೆ ತಂದು ಮತ್ತೆ ಹಚ್ಚಿ ತೋರಿಸಿದೆ. ಈಗ ಸದ್ದು, ಬೆಂಕಿ ಎರಡೂ ಕೂಡಿದವು. ಆದರೆ ವೈರಿ ಮೊದಲೇ ಬಿದ್ದಿದ್ದ, ಸಾಹುಕಾರರ ಗುಂಡು ಆಮೇಲೆ ಹಾರಿತು.

ಅವರು ಮೂರು ಸಲ ಹಚ್ಚಿಸಿ ನೋಡಿ ಹಣೆ ಒರೆಸಿಕೊಂಡರು.

“ಮೊದಲ ಇದ್ದಂಗ ಮಾಡಿಕೊಡ್ರಿ ಸರ.”

“ಸದ್ದು ಕೂಡೂದಿಲ್ಲಲ್ರಿ ಸಾಹುಕಾರ್ರ?”

“ಸದ್ದು ಕೂಡದಿದ್ರ ಬಿಡ್ರಿ, ಮರ್ಯಾದಿ ಉಳೀತೈತಿ.”

ಮದುವೆ ವಿಡಿಯೊಗಳಲ್ಲಿ ಎಷ್ಟೋ ಜನರ ಮೈಬಣ್ಣ ತಿಳಿ ಮಾಡಿಕೊಟ್ಟಿದ್ದೇನೆ. ಖರೇ ಸಂಗತಿಯನ್ನು ಒಂದು ಸೆಕೆಂಡ್ ತಡ ಮಾಡಿಕೊಟ್ಟದ್ದು ಮಾತ್ರ ಅದೇ ಮೊದಲು.